ದ್ಯಾಮಕ್ಕನ ಹಟ್ಟಿಗೆ ಹೆಪ್ಪು

ಇಟ್ಟಿಗಿ ಗ್ರಾಮದ ದ್ಯಾಮಕ್ಕನ ಬಾಯಿ ದೊಡ್ಡದು ಎಂದು ಊರವರ ದೂರು. ದೂರುವವರ ಬಾಯಿಯೇನೂ ಚಿಕ್ಕದಲ್ಲ, ಅದು ಬೇರೆ ಮಾತು. ಎರೆಹೊಲದ ಆ ತುದಿಗೆ ಹೋದ ಮರಿಯನ್ನು ಈ ತುದಿಯಲ್ಲಿ ನಿಂತು ಕರೆದು ಕರೆದು ಬೆಳೆದ ಗಂಟಲು ಅವಳದು. ಮನೆಯ ಹೊಸ್ತಿಲು ದಾಟಿದ ಕೂಡಲೇ ಅದು ಸಣ್ಣದಾಗಬೇಕು ಎಂದರೆ ಆಗುತ್ತದೆಯೇ? ಪಕ್ಕದವರ ಹತ್ತಿರ ಅವಳು ಉಪ್ಪು ಕೇಳಿದರೂ ಜಗಳ ಬಿದ್ದಿದೆ ಎಂದು ಊರಿಗೆ ಹೊಸಬರಾದವರು ಹೊರಗೆ ಬಂದು ನೋಡುತ್ತಾರೆ.

ಕೊಟ್ಟೂರಿನ ಕಡೆಯ ಹಳ್ಳಿಯಿಂದ ಜಂಬಯ್ಯನ ಕೈಹಿಡಿದು ಬಂದಾಗ ತವರಿನವರು ಅವಳಿಗೆ ಬಳುವಳಿಯಾಗಿ ಒಂದು ಹೆಣ್ಣುಮರಿ ಕೊಟ್ಟು ಕಳಿಸಿದ್ದರು. ಇವತ್ತು ಹಟ್ಟಿಯಲ್ಲಿರುವ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಮರಿಯ ಸಂತಾನ. ದ್ಯಾಮಕ್ಕನ ಪಾಲಿಗೆ ಅವೆಲ್ಲ ತವರಿನ ಕಡೆಯವು, ಉಳಿದವು ಗಂಡನ ಮನೆಯವು. ಯಾವುದಾದರೂ ಕುರಿ ಹೇಳಿದ ಮಾತು ಕೇಳದೆ ಬೇಲಿ ಹಾರಿದರೆ, "ಇದು ನಿಮ್ಮ ಕಡೇದು ನೋಡ್ರಿ, ಅದಕ್ಕ ಹಿಂಗ" ಎಂದು ಜಂಬಯ್ಯನನ್ನು ಕೆಣಕುತ್ತಾಳೆ. ಜಂಬಯ್ಯ ಮಾತು ಕಡಿಮೆ ಇರುವ ಮನುಷ್ಯ. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸಿದ್ದಾಳೆ ಎಂದು ಅವನ ಗೆಳೆಯರು ಹೇಳುವುದುಂಟು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗಂಡ ಹೆಂಡತಿ ಹಿಂಡಿನ ಹಿಂದೆ ನಡೆದರು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ, ರೈತರು ಅಳೆದು ಕೊಟ್ಟ ಕಾಳು ಕಟ್ಟಿಕೊಂಡು, ಹೊಳೆ ದಾಟಿ ಕಾಲುವೆಯ ಸೀಮೆಗೆ ಇಳಿದು, ಮುಂಗಾರು ಬಿದ್ದ ಮೇಲೆ ಊರಿಗೆ ಮರಳುತ್ತಿದ್ದರು. ಮಗ ಗುರುಬಸವರಾಜ ಹುಟ್ಟಿದ್ದು ಒಂದು ಕಾಲುವೆಯ ಏರಿಯ ಮೇಲೆ. ಅದೇ ಮಗ ಈಗ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ರಿಪೇರಿ ಮಾಡುವ ನೌಕರ. ಊರಿಗೆ ಬಂದಾಗಲೆಲ್ಲ "ಯವ್ವಾ, ಸಾಕು ಈ ಕುರಿ ಸಹವಾಸ, ಮಾರಿಬಿಡು" ಎನ್ನುತ್ತಾನೆ. "ಮಾರಿ ಏನ್ ಮಾಡ್ಲಿ? ನಿನ್ನ ಬಸ್ಸು ಮೇಯ್ಸ್ಕೋಂತ ಕುಂದ್ರಲಾ?" ಎಂದು ಅವಳು ಬಾಯಿ ಮುಚ್ಚಿಸುತ್ತಾಳೆ.

ನಾಲ್ಕು ವರ್ಷದ ಹಿಂದೆ ಜಂಬಯ್ಯನಿಗೆ ಹಾವು ಕಚ್ಚಿತು. ಆಸ್ಪತ್ರೆಯ ಹೊರಗೆ ಕೂತ ದ್ಯಾಮಕ್ಕ ಮೈಲಾರಲಿಂಗಪ್ಪನಿಗೆ ಹರಕೆ ಹೊತ್ತಳು: ಗಂಡ ಎದ್ದು ನಡೆದರೆ ಅವತ್ತೇ ಹುಟ್ಟಿದ ಗಂಡುಮರಿ ನಿನ್ನದು, ಅದಕ್ಕೆ ಚೂರಿ ಸೋಂಕಿಸುವುದಿಲ್ಲ, ಸಂತೆಗೆ ಒಯ್ಯುವುದಿಲ್ಲ, ಅದು ತಾನಾಗಿ ಸಾಯುವ ತನಕ ಸಾಕುತ್ತೇನೆ. ಗಂಡ ಎದ್ದ. ಒಂದು ಕಾಲು ಸ್ವಲ್ಪ ಎಳೆಯುತ್ತದೆ, ಆದರೂ ನಡೆದ. ಡಾಕ್ಟರ ಸೂಜಿಯಿಂದ ಎದ್ದನೋ ದೇವರ ದಯದಿಂದ ಎದ್ದನೋ ಎಂದು ಯಾರಾದರೂ ಕೇಳಿದರೆ, "ಇಬ್ರೂ ಕೂಡಿ ಎಬ್ಬಿಸಿದ್ರು, ನಿನಗ್ಯಾಕ ಆ ಉಸಾಬರಿ" ಎನ್ನುತ್ತಾಳೆ. ಮರಿ ಬೆಳೆದು ಟಗರಾಯಿತು. ಕರಿಕಂಬಳಿ ಹೊದ್ದ ಮೈಲಾರನ ಭಕ್ತ ಗೊರವಯ್ಯನ ಹಾಗೆ ಮೈತುಂಬ ಕಪ್ಪು ಉಣ್ಣೆ ಇದ್ದುದರಿಂದ ಹೆಸರೂ ಗೊರವ ಎಂದೇ ಬಿತ್ತು. ಗೊರವ ಆರಾಮವಾಗಿದ್ದರೆ ಜಂಬಯ್ಯನೂ ಆರಾಮ ಎಂಬುದು ದ್ಯಾಮಕ್ಕನ ಗಟ್ಟಿ ನಂಬಿಕೆ. ಟಗರು ಸೀನಿದರೆ ಅವಳು ಗಂಡನ ಹಣೆ ಮುಟ್ಟಿ ನೋಡುತ್ತಾಳೆ.

ಈ ಸಲದ ದೀಪಾವಳಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ದ್ಯಾಮಕ್ಕ ಎಂಥವಳು ಎಂದು ಹೇಳಿದಂತೆ ಆಗುವುದೇ ಇಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟಳೆ. ಅಮಾವಾಸ್ಯೆಯ ದಿನ ಹಟ್ಟಿಯ ಬಾಗಿಲಿಗೆ ಭಂಡಾರದ ಅರಿಶಿನ ಹಚ್ಚಿದ ಗಳಿಗೆಯಿಂದ ಪಾಡ್ಯದ ಸಂಜೆ ಹಟ್ಟಿಯ ಪೂಜೆ ಮುಗಿಯುವ ತನಕ ಕುರಿಗೆ ಕೋಲು ಎತ್ತುವಂತಿಲ್ಲ, ಕುರಿಯ ಒಂದು ಹನಿ ರಕ್ತ ಬೀಳುವಂತಿಲ್ಲ. ವರ್ಷವೆಲ್ಲ ಕೋಲಿನಿಂದ ತಿವಿಸಿಕೊಂಡ ಲಕ್ಷ್ಮಿಗೆ ಅಷ್ಟು ಹೊತ್ತಾದರೂ ಬಿಡುವು ಬೇಡವೇ? ಮಾಂಸದಂಗಡಿಯ ಬಾಗಿಲು ತೆರೆಯುವುದು ಪಾಡ್ಯದ ಮರುದಿನ, ಕರಿಯ ದಿನ. ಅಲ್ಲಿಯ ತನಕ ಊರಿನಲ್ಲಿ ಚೂರಿಗೆ ಕೆಲಸವಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ದ್ಯಾಮಕ್ಕ ಗೊರವನನ್ನು ಮನೆಯ ಮುಂದೆ ಕಟ್ಟಿ, ಮೈ ತೊಳೆದು, ಶೇಂಗಾ ಹೊಟ್ಟು ಹಾಕಿ, ಕೊಂಬಿಗೆ ಬಣ್ಣ ಬಳಿಯುತ್ತಿದ್ದಳು. ಹಟ್ಟಿಯ ಎದುರಿನ ಕಣದಲ್ಲಿ ಈ ವರ್ಷ ಗುರುಬಸವರಾಜನೇ ಮುಂದೆ ನಿಂತು ಬೆಳೆಸಿದ್ದ ಮೆಕ್ಕೆಜೋಳದ ರಾಶಿ ಬಿದ್ದಿತ್ತು. ಹಬ್ಬಕ್ಕೆ ಬಂದಿದ್ದ ಅವನೇ ಬಿಸಿಲು ಕಾಣಲಿ ಎಂದು ತಾಡಪಾಲು ಸರಿಸಿದ್ದ. ಮೇಯಲು ಹೋಗಿದ್ದ ಹಿಂಡು ಜಂಬಯ್ಯನ ಮುಂದೆ ಮುಂದೆ ಬಂತು, ರಾಶಿ ನೋಡಿತು, ನುಗ್ಗಿತು.

ಗುರುಬಸವರಾಜ ಕೋಲು ಹಿಡಿದು ಓಡಿದ.

"ಲೇ ಗುರು, ಕೋಲು ಕೆಳಗಿಡೋ!" ದ್ಯಾಮಕ್ಕನ ಕೂಗಿಗೆ ಬೇವಿನ ಮರದ ಕಾಗೆಗಳು ಎದ್ದವು. "ಬಾಗ್ಲಕ್ಕ ಭಂಡಾರ ಹಚ್ಚೈತಿ, ಕಾಣಂಗಿಲ್ಲೇನು?"

"ಯವ್ವಾ, ರಾಶಿ ಹೋಗಾಕತ್ತೈತಿ!"

"ಹೋದ್ರ ಹೋಗ್ಲಿ ಬಿಡು. ಲಕ್ಷ್ಮೀನ ಲಕ್ಷ್ಮಿ ತಿಂದ್ರ ಎಲ್ಲಿಗೆ ಹೋಗ್ತೈತಿ? ನಮ್ಮ ಹಟ್ಟ್ಯಾಗ ಇರ್ತೈತಿ."

ಜಂಬಯ್ಯ ನಕ್ಕ. ಮಗ ಕೋಲು ಎಸೆದು ಕೈಯಿಂದಲೇ ಒಂದೊಂದನ್ನು ಎಳೆಯತೊಡಗಿದ. ಒಂದನ್ನು ಎಳೆದು ಹಟ್ಟಿಗೆ ಬಿಡುವಷ್ಟರಲ್ಲಿ ಮೊದಲು ಎಳೆದದ್ದು ಮತ್ತೆ ರಾಶಿಯ ಮೇಲೆ. ಕಾಳು ಹೆಚ್ಚಾದರೆ ಕುರಿಗೆ ಕೆಡುಕು ಎಂದು ಇವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕುರಿಯವರ ಮನೆಯಲ್ಲಿ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಕೂಳೆ ಹೊಲದಲ್ಲಿ ಉದುರಿದ ತೆನೆಯನ್ನು ಅವು ಪ್ರತಿವರ್ಷ ತಿಂದಿದ್ದವು, ಏನೂ ಆಗಿರಲಿಲ್ಲ. ಮೇಲಾಗಿ ಹಬ್ಬ. ಹಬ್ಬದ ದಿನ ಮನುಷ್ಯರಿಗೆ ಗೊತ್ತಿರುವುದು ಬೇಕಾದಾಗ ನೆನಪಿಗೆ ಬರುವುದಿಲ್ಲ. ಹೊಟ್ಟೆ ಬಿರಿಯೆ ತಿಂದ ಹಿಂಡು ತೊಟ್ಟಿಯ ನೀರು ಬತ್ತುವ ಹಾಗೆ ಕುಡಿದು ತಾನಾಗಿಯೇ ಒಳಗೆ ಹೋಗಿ ಮಲಗಿತು.

ಪಾಡ್ಯದ ಬೆಳಗ್ಗೆ ಸಗಣಿಯಲ್ಲಿ ಹಟ್ಟಿಯ ದೇವತೆ ಹಟ್ಟೆವ್ವನನ್ನು ಮಾಡಿಡಲು ದ್ಯಾಮಕ್ಕ ಚೆಂಡು ಹೂವು, ಉತ್ತರಾಣಿ ಕಡ್ಡಿ ಹಿಡಿದು ಹಟ್ಟಿಗೆ ಬಂದಳು. ಬಾಗಿಲಲ್ಲೇ ಅವಳ ಕಾಲು ನಿಂತವು. ಒಳಗೆ ಸದ್ದಿಲ್ಲ. ದಿನವೂ ಅವಳ ಹೆಜ್ಜೆ ಕೇಳಿದರೆ ಮರಿಗಳು ಅರಚಿ ಮೈಮೇಲೆ ಬೀಳುತ್ತಿದ್ದವು. ಇವತ್ತು ಕುರಿಗಳೆಲ್ಲ ತಲೆ ಇಳಿಬಿಟ್ಟು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಬೇರೆ ಬೇರೆ ನಿಂತಿದ್ದವು. ಹಲ್ಲು ಕಡಿಯುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು. ಕೆಟ್ಟ ಅಂಬಲಿಯಂಥ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಮೂಲೆಯಲ್ಲಿ ಎರಡು ಕುರಿ ಕಾಲು ಚಾಚಿ ಸತ್ತಿದ್ದವು. ತವರಿನ ಮರಿಯ ಮೊಮ್ಮಗಳು, ಅವಳ ಅತಿ ಮುದ್ದಿನ ಮುದಿ ಕುರಿ ಕರಿಗಿವಿ, ಗೋಡೆಗೆ ಒರಗಿ ಬಿದ್ದಿತ್ತು.

ದ್ಯಾಮಕ್ಕ ಹೂವು ಅಲ್ಲೇ ಬಿಟ್ಟು ಮನೆಗೆ ಓಡಿದಳು. ಬಿದ್ದವರನ್ನು ಎಬ್ಬಿಸಲು ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಬಾಣಂತಿಗೂ ಅದೇ, ದಣಿದ ಎತ್ತಿಗೂ ಅದೇ. ದೊಡ್ಡ ಬೆಲ್ಲದ ಉಂಡೆ ಒಡೆದು ಬಿಸಿನೀರಿನಲ್ಲಿ ಕದಡಿ ತಂದು, ಬಿದಿರಿನ ಗೊಟ್ಟದಿಂದ ಮೊದಲು ಕರಿಗಿವಿಯ ಗಂಟಲಿಗೇ ಎರೆದಳು. ಪ್ರೀತಿಯದ್ದಲ್ಲವೇ, ಅದಕ್ಕೆ ಒಂದು ಗೊಟ್ಟ ಹೆಚ್ಚಾಗಿಯೇ ಎರೆದಳು. ಅಷ್ಟರಲ್ಲಿ ಮಗ ಪಶುಸಖಿಗೆ ಫೋನ್ ಮಾಡಿದ್ದ.

ಪಶುಸಖಿ ಎಂದರೆ ಸಮತಾ. ಊರಾಚೆಯ ಕಾಲೊನಿಯ ಬೌದ್ಧರ ಮನೆಯ ಮಗಳು. ಹಡಗಲಿಯ ಕಾಲೇಜಿನಲ್ಲಿ ವಿಜ್ಞಾನ ಓದಿ, ಪಶು ಇಲಾಖೆಯವರು ಕೊಟ್ಟ ತರಬೇತಿ ಮುಗಿಸಿ, ಸ್ಕೂಟರ್ ಮೇಲೆ ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಾಳೆ. ದ್ಯಾಮಕ್ಕ ಅವಳನ್ನು ಕರೆಯುತ್ತಿದ್ದುದು "ಆ ಸೂಜಿ ಹುಡುಗಿ" ಎಂದು. ಲಸಿಕೆ ಹಾಕಲು ಬಂದಾಗ ಹಟ್ಟಿಯ ಹೊರಗಿನ ಕಲ್ಲಿನ ಹತ್ತಿರವೇ ನಿಲ್ಲಿಸಿ ಕುರಿಗಳನ್ನು ಅಲ್ಲಿಗೇ ಹಿಡಿದು ತರುತ್ತಿದ್ದಳು. ಒಳಗೆ ಬಾ ಎಂದು ಒಮ್ಮೆಯೂ ಅಂದವಳಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಅವತ್ತು ಸಮತಾ ಆ ಕಲ್ಲಿನ ಹತ್ತಿರ ನಿಲ್ಲಲೇ ಇಲ್ಲ. ಸೀದಾ ಒಳಗೆ ಬಂದವಳು ಗೊಟ್ಟ ನೋಡಿದಳು.

"ಏನ್ ಹಾಕಾಕತ್ತೀರಿ ದೊಡ್ಡವ್ವ?"

"ಬೆಲ್ಲದ ನೀರು. ಶಕ್ತಿ ಬರ್ಲಿ ಅಂತ."

ಸಮತಾ ಪಾತ್ರೆಯನ್ನು ಅವಳ ಕೈಯಿಂದ ಕಿತ್ತು ನೆಲಕ್ಕೆ ಸುರಿದಳು. ದ್ಯಾಮಕ್ಕನ ಹಟ್ಟಿಯೊಳಗೆ ನಿಂತು ದ್ಯಾಮಕ್ಕನ ಕೈಯಿಂದ ಕಿತ್ತುಕೊಳ್ಳುವುದೆಂದರೇನು! ಗುರುಬಸವರಾಜ ಹೆದರಿ ತಾಯಿಯ ಮುಖ ನೋಡಿದ. ಆದರೆ ಸಮತಾ ಆಗಲೇ ಕುರಿಯೊಂದರ ಎಡಪಕ್ಕೆ ಒತ್ತಿ, ಕಿವಿಯಿಟ್ಟು ಕೇಳುತ್ತಿದ್ದಳು. ಒಳಗೆ ಕೊಡದ ನೀರಿನಂತೆ ಕುಲುಕುವ ಸದ್ದು. ಅವಳು ಫೋನ್ ತೆಗೆದು ದನದ ಡಾಕ್ಟರ್ ಕ್ರಾಂತಿಕುಮಾರರಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅವರು ಹಬ್ಬಕ್ಕೆ ದೂರದ ಊರಿಗೆ ಹೋಗಿದ್ದವರು, ಹೊರಟೇ ಬರುತ್ತೇನೆ, ಹೊತ್ತು ಮುಳುಗುವುದರೊಳಗೆ ಬರುತ್ತೇನೆ ಎಂದರು.

"ಅಲ್ಲೀ ತನಕ ನೀರು ಬ್ಯಾಡ, ಕಾಳು ಬ್ಯಾಡ, ಬೆಲ್ಲ ಅಂತೂ ಹತ್ರಾನೂ ತರಬ್ಯಾಡ್ರಿ. ಅಡಿಗಿ ಸೋಡಾ ಬಿಸಿನೀರಾಗ ಕರಗಿಸಿ ಎಲ್ಲಕ್ಕೂ ಹಾಕ್ರಿ, ನಿಧಾನಕ್ಕ. ನಿಂತವಕ್ಕ ಒಣಹುಲ್ಲು ಇಡ್ರಿ."

ಗುರುಬಸವರಾಜ ಮುಚ್ಚಿದ್ದ ಕಿರಾಣಿ ಅಂಗಡಿಯ ಬಾಗಿಲು ಬಡಿದು ಸೋಡಾದ ಪೊಟ್ಟಣಗಳನ್ನೆಲ್ಲ ಬಾಚಿ ತಂದ. ಸಮತಾ ಕದಡಿ ಕೊಟ್ಟಳು, ಜಂಬಯ್ಯ ಬಾಯಿ ಅಗಲಿಸಿ ಹಿಡಿದ, ದ್ಯಾಮಕ್ಕ ಗೊಟ್ಟ ಎತ್ತಿದಳು. ಎಪ್ಪತ್ತರ ಮೇಲೆ ಕುರಿ. ಒಂದೊಂದಕ್ಕೂ ಹಾಕುತ್ತ ಹಾಕುತ್ತ ಅವಳ ಕಣ್ಣು ಮಾತ್ರ ಕರಿಗಿವಿಯ ಕಡೆ ಓಡುತ್ತಿತ್ತು. ಅದರ ಕಿವಿ ತಣ್ಣಗಾಗಿತ್ತು.

"ಬೆಲ್ಲದಾಗ ಏನೈತಿ ಅಂಥಾದ್ದು?" ಕೊನೆಗೆ ಕೇಳಿಯೇಬಿಟ್ಟಳು. "ಹೇಳವ್ವ, ಏನ್ ತಪ್ಪು ಮಾಡ್ದೆ ನಾನು?"

ಸಮತಾ ಸೋಡಾ ಕದಡುತ್ತಲೇ ಹೇಳಿದಳು. "ಕುರಿ ತಾನಾಗೇ ಹುಲ್ಲು ಕರಗಿಸಂಗಿಲ್ರಿ. ಅದರ ದೊಡ್ಡ ಹೊಟ್ಟ್ಯಾಗ ಕಣ್ಣಿಗೆ ಕಾಣ್ದಷ್ಟು ಸಣ್ಣ ಜೀವ ಇರ್ತಾವ, ಬ್ಯಾಕ್ಟೀರಿಯಾ ಅಂತಾರ. ಹಾಲು ಮೊಸರಾಗೋದು ಅಂಥವುಗಳಿಂದನ. ಅವು ಹುಲ್ಲು ಕರಗಿಸ್ಕೊಟ್ರ ಕುರಿಗೆ ಊಟ. ಹುಲ್ಲಿನವು ಬ್ಯಾರೆ, ಕಾಳಿನಾಗಿನ ಸಕ್ಕರಿ ತಿನ್ನೋವು ಬ್ಯಾರೆ. ಸಕ್ಕರಿಯವು ದಿನಾ ಒಂದಿಷ್ಟು ಇರ್ತಾವ. ಸಕ್ಕರಿ ಸ್ವಲ್ಪ ಸಿಕ್ರ ನಿಧಾನಕ್ಕ ತಿಂದು, ಕುರಿ ಮೈಗೆ ಹತ್ತೋ ಅಂಥಾದ್ದನ್ನ ಬಿಡ್ತಾವ."

"ನಿನ್ನೆ?"

"ನಿನ್ನೆ ಒಮ್ಮಿಗೇ ರಾಶಿ ಸಕ್ಕರಿ ಬಿತ್ತಲ್ರೀ. ಆಗ ಅವು ಹಾದಿ ಬದಲಿಸ್ತಾವ. ಗಬಗಬ ತಿಂದು ಬರೇ ಹುಳಿ ಬಿಡ್ತಾವ, ಗಳಿಗಿ ಗಳಿಗಿಗೆ ಒಂದು ಹೋಗಿ ಎರಡಾಗ್ತಾವ. ಹುಳಿ ಏರಿದಂಗ ಅವಕ್ಕ ಬ್ಯಾರೆ ಹಾದೀನ ಮುಚ್ಚಿಹೋಗ್ತೈತಿ, ಮತ್ತೂ ಹುಳೀನ ಬಿಡ್ತಾವ. ಹುಲ್ಲಿನವು ಆ ಹುಳಿ ತಡ್ಯಾಂಗಿಲ್ಲ, ಸತ್ತಹೋಗ್ತಾವ. ದಿನಾ ಹಿಡಿ ಹಿಡಿ ಕಾಳು ಕೊಟ್ಟು ರೂಢಿ ಮಾಡಿಸಿದ್ರ ಆ ಹುಳೀನ ತಿನ್ನೋ ಜೀವಗಳೂ ಬೆಳ್ಕೊಂಡು ಸರಿಹೋಗ್ತಿತ್ತು. ಒಂದು ದಿನದಾಗ ಎಲ್ಲಿ ಬೆಳೀತಾವ?"

"ಅದರ ಮ್ಯಾಲ ನಾ ಬೆಲ್ಲ ಹಾಕ್ದೆ." ದ್ಯಾಮಕ್ಕ ತಾನೇ ಮುಗಿಸಿದಳು. "ಉರಿಯೋ ಒಲಿಗೆ ಕಟಗಿ ಇಟ್ಟಂಗ."

ಸಮತಾ ಇನ್ನೊಂದು ಪೊಟ್ಟಣ ಹರಿದು ನೀರಿಗೆ ಸುರಿದಳು. ಮಗನ ಕೋಲು ಇಳಿಸಿದ್ದು ದ್ಯಾಮಕ್ಕ, ಬೆಲ್ಲ ಎರೆದದ್ದೂ ಅವಳೇ. ಎರಡನ್ನೂ ಪ್ರೀತಿಯಿಂದಲೇ ಮಾಡಿದ್ದಳು. ಬೈಯಲು ಬೇರೆ ಯಾರೂ ಸಿಗದೆ ಅವಳ ದೊಡ್ಡ ಬಾಯಿ ಅವತ್ತು ಮೊದಲ ಸಲ ಕಟ್ಟಿಹೋಯಿತು.

ಬಿಸಿಲೇರುವ ಹೊತ್ತಿಗೆ ಹಿಂಡು ಎರಡಾಯಿತು. ಸೋಡಾ ಕುಡಿದ ಕುರಿಗಳಲ್ಲಿ ಹೆಚ್ಚಿನವು ತೂಗಾಡುತ್ತಲಾದರೂ ನಿಂತಿದ್ದವು. ಆದರೆ ಹೆಚ್ಚು ಕಾಳು ತಿಂದ ಹತ್ತು ಹನ್ನೆರಡು ಕುರಿ ನೆಲ ಬಿಟ್ಟು ಏಳಲಿಲ್ಲ. ರಾಶಿಗೆ ಮೊದಲು ನುಗ್ಗಿದ ಗಟ್ಟಿ ಕುರಿಗಳು ಅವೇ, ಹಿಂಡಿನ ತಾಯಂದಿರು, ಹೊಟ್ಟೆ ಹೊತ್ತವು. ಅವು ಹೋದರೆ ಮುಂದಿನ ವರ್ಷ ಹಟ್ಟಿಯಲ್ಲಿ ಮರಿಯ ಸದ್ದಿಲ್ಲ, ಹಟ್ಟಿಯೇ ಇಲ್ಲ. ಸಮತಾ ಮತ್ತೆ ಡಾಕ್ಟರಿಗೆ ಫೋನ್ ಮಾಡಿದಳು.

"ಸೋಡಾದಿಂದ ಹುಳಿ ಇಳಿದೈತಿ, ಆದ್ರ ಒಳಗಿನ ಜೀವಗಳೆಲ್ಲ ಸತ್ತಾವ," ಎಂದರು ಅವರು. "ಹೊಸಾದ್ದು ಹಾಕಬೇಕು. ಕಾಳು ತಿನ್ನದ, ಆರಾಮ ಇರೋ ಕುರಿ ಹೊಟ್ಟಿ ರಸ, ಬಿಸಿ ಇದ್ದಂಗ. ನನ್ನ ಹತ್ರ ಕೊಳವಿ ಐತಿ, ಎತ್ತಿನ ಹೊಟ್ಟಿಯಿಂದಾದ್ರೂ ತೆಗೀಬಹುದು, ಆದ್ರ ನಾ ಬರೋದು ಸಂಜಿಗೆ. ಕಸಾಯಿ ಅಂಗಡ್ಯಾಗ ಸಿಗ್ತೈತೇನು ನೋಡ್ರಿ."

"ಇವತ್ತ ಪಾಡ್ಯ ಸರ್. ಎಲ್ಲಾ ಮುಚ್ಚ್ಯಾವ."

ಬರುತ್ತಿದ್ದೇನೆ ಎಂದಷ್ಟೇ ಹೇಳಿ ಡಾಕ್ಟರ್ ಫೋನ್ ಇಟ್ಟರು.

"ಹೊಟ್ಟಿ ರಸ ಅಂದ್ರ?" ದ್ಯಾಮಕ್ಕ ಕೇಳಿದಳು.

"ಹೆಪ್ಪು ದೊಡ್ಡವ್ವ. ಮನ್ಯಾಗಿನ ಮೊಸರು ಕೆಟ್ರ ಮತ್ತೊಬ್ರ ಮನಿಯಿಂದ ಹೆಪ್ಪು ತರ್ತೀವಲ್ಲ, ಹಂಗ. ಒಂದು ಕುರಿ ಹೊಟ್ಟ್ಯಾಗಿಂದು ಇವಕ್ಕೆಲ್ಲ ಸಾಕಾಗ್ತೈತಿ. ಆದ್ರ ನಮ್ಮ ಹತ್ರ ಕೊಳವಿ ಇಲ್ಲ, ಹೊಟ್ಟಿ ಕೊಯ್ಯಬೇಕು, ಆ ಕುರಿ ಉಳ್ಯಾಂಗಿಲ್ಲ."

ಗುರುಬಸವರಾಜ ಪಕ್ಕದ ಹಟ್ಟಿಯ ಹುಲುಗಣ್ಣನ ಹತ್ತಿರ ಓಡಿದ. ಹೋದಷ್ಟೇ ಬೇಗ ಬಂದ. ಹುಲುಗಣ್ಣ ಕೇಳಿದಷ್ಟು ಒಣಹುಲ್ಲು ಒಯ್ಯಿ ಎಂದನಂತೆ, ಆದರೆ ಕುರಿಯ ಮಾತೆತ್ತಿದ ಕೂಡಲೇ, "ಪಾಡ್ಯದ ದಿನ ರಕ್ತಾನಾ? ನಿಮ್ಮವ್ವ ಒಪ್ತಾಳೇನು, ಮೊದ್ಲು ಕೇಳ್ಕೊಂಡು ಬಾ" ಎಂದನಂತೆ. ದ್ಯಾಮಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಬಂದು ಕೇಳಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು, ಇನ್ನೂ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು.

ಜಂಬಯ್ಯ ಕಂಬಕ್ಕೆ ಒರಗಿ ಕೂತಿದ್ದವನು ಮೆಲ್ಲಗೆ ಬಾಯಿ ಬಿಟ್ಟ. "ಗೊರವ ಅದಾನಲ್ಲ."

ಎಲ್ಲರಿಗೂ ಅದು ಆಗಲೇ ಹೊಳೆದಿತ್ತು, ಬಾಯಿಗೆ ತರುವ ಧೈರ್ಯ ಇರಲಿಲ್ಲ. ನಿನ್ನೆ ಮನೆಯ ಮುಂದೆ ಕಟ್ಟಿದ್ದರಿಂದ ಕಾಳು ಮುಟ್ಟದೆ ಉಳಿದ ಕುರಿ ಅದೊಂದೇ.

"ಬಾಯಿ ಮುಚ್ರಿ," ಎಂದಳು ದ್ಯಾಮಕ್ಕ. ಅವಳ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಮಗ ಎಂದೂ ಕೇಳಿರಲಿಲ್ಲ.

"ನನ್ನ ಹೆಸರಿಲೆ ಬಿಟ್ಟದ್ದು. ಆಗೋದಾದ್ರ ನನಗಾಗ್ತೈತಿ. ನಾ ಹೂಂ ಅಂತೀನಿ," ಎಂದ ಜಂಬಯ್ಯ.

"ಹರಕಿ ಹೊತ್ತಾಕಿ ನಾನು. ನಿಮಗೇನಾರ ಆದ್ರ ಕುಂಕುಮ ಅಳಸ್ಕೊಳಾಕಿ ನಾನು. ನೀವು ಹೂಂ ಅಂದ್ರ ಆತೇನು?"

"ಯವ್ವಾ, ಹೋದ್ರ ಹೋಗ್ಲಿ ಬಿಡವ್ವ," ಗುರುಬಸವರಾಜ ತಡವರಿಸಿದ. "ನಿಂತಾವಲ್ಲ, ಅಷ್ಟಾದ್ರೂ ಉಳೀತಾವ. ನೀವಿಬ್ರೂ ನನ್ನ ಜೊತಿ ಬಂದು ಇರ್ರಿ..."

ದ್ಯಾಮಕ್ಕ ಮಗನ ಕಡೆ ತಿರುಗಿ ನೋಡಿದ ಪರಿಗೆ ಅವನ ಮಾತು ಅರ್ಧಕ್ಕೇ ನಿಂತಿತು. ಅವಳು ಸಮತಾಳ ಕಡೆ ತಿರುಗಿದಳು. "ನೀ ಹೇಳವ್ವ. ನೀ ಓದಿದಾಕಿ."

"ಹರಕಿ ವಿಚಾರ ನಾ ಏನೂ ಹೇಳಂಗಿಲ್ಲ ದೊಡ್ಡವ್ವ. ಅದು ನಿಮ್ದು." ಸಮತಾಳ ಕಣ್ಣು ತುಂಬಿತ್ತು. "ಹೊತ್ತು ಮಾತ್ರ ಹೇಳ್ತೀನಿ. ಇನ್ನ ತಡಾ ಮಾಡಿದ್ರ ಹೆಪ್ಪು ಹಾಕಾಕ ಹಾಲೇ ಉಳ್ಯಾಂಗಿಲ್ಲ."

ಅದೇ ಹೊತ್ತಿಗೆ ಬಿದ್ದಿದ್ದ ಕುರಿಗಳಲ್ಲೊಂದು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಕಾಲು ಝಾಡಿಸತೊಡಗಿತು. ದ್ಯಾಮಕ್ಕ ಎದ್ದು ಮನೆಯ ಮುಂದಕ್ಕೆ ಹೋದಳು.

ಗೊರವ ಬೇವಿನ ನೆರಳಿನಲ್ಲಿ ಮಲಗಿ, ಬಣ್ಣದ ಕೊಂಬು ಹೊತ್ತು, ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಕೆಳದವಡೆ ಎಡಕ್ಕೆ ಬಲಕ್ಕೆ ನಿಧಾನ ಆಡುತ್ತಿತ್ತು. ಬೆಳಗಿನಿಂದ ಅವಳು ನೋಡಿದ ಕುರಿಯ ಬಾಯಿಗಳಲ್ಲಿ ಮೆಲುಕು ಹಾಕುತ್ತಿದ್ದ ಬಾಯಿ ಅದೊಂದೇ. ಅವಳು ಅಲ್ಲೇ ಕೂತು ಅದರ ಕುತ್ತಿಗೆ ತಬ್ಬಿದಳು. ಟಗರು ಅವಳ ಸೆರಗನ್ನು ಮೂಸಿತು. ಅವಳು ಆಕಾಶಕ್ಕೆ ಮುಖ ಎತ್ತಿ, ಬೇಡಿಕೊಳ್ಳುವವರ ಹಾಗಲ್ಲ, ಜಗಳಕ್ಕೆ ನಿಂತವರ ಹಾಗೆ ಮಾತನಾಡಿದಳು.

"ಮೈಲಾರಲಿಂಗಪ್ಪಾ, ನಾ ನಿನಗ ಒಂದು ಕೊಟ್ಟಿದ್ದೆ. ಅದನ್ನ ನಾನ ಕಿತ್ಕೊಳಾಕತ್ತೀನಿ. ತಪ್ಪು ಅಂದ್ರ ನನ್ನ ಹಿಡಿ, ನನ್ನ ಕಣ್ಣು ತಗೋ, ಕೈ ತಗೋ. ಅವರನ್ನ ಮುಟ್ಟಬ್ಯಾಡ. ಮುಟ್ಟಿದ್ಯೋ, ನಿನ್ನ ಗುಡಿ ಮುಂದ ಬಂದು ಕೂಗ್ತೀನಿ ನೋಡು."

ಹಗ್ಗ ಬಿಚ್ಚಿದವಳು ಅವಳೇ. ಹಟ್ಟಿಯ ನೆಲ ಬೇಡ ಎಂದು ರಸ್ತೆಯಾಚೆಯ ಜಾಲಿಮರದ ಕೆಳಗೆ ನಡೆಸಿಕೊಂಡು ಹೋದವಳೂ ಅವಳೇ. ಎಳೆಯಬೇಕಾಗಲಿಲ್ಲ, ಅದು ನಂಬಿಕೊಂಡು ಅವಳ ಹಿಂದೆ ಹಿಂದೆ ನಡೆಯಿತು. ಆ ನಂಬಿಕೆಯೇ ಅವಳಿಗೆ ತಡೆಯಲಾಗಲಿಲ್ಲ. ಜಂಬಯ್ಯ ಕಾಲೆಳೆಯುತ್ತ ಬಂದು ಚೂರಿ ಹಿಡಿದ. ದ್ಯಾಮಕ್ಕ ಟಗರಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣಿನ ಮೇಲೆ ಅಂಗೈ ಮುಚ್ಚಿದಳು. ಅಂಗೈಯ ಕೆಳಗೆ ರೆಪ್ಪೆ ಬಡಿದುಕೊಂಡದ್ದು, ಆಮೇಲೆ ನಿಂತದ್ದು ಅವಳಿಗೆ ತಿಳಿಯಿತು.

ಅಳಲು ಹೊತ್ತಿರಲಿಲ್ಲ. ಬಿಸಿ ಆರಿದರೆ, ಗಾಳಿಗೆ ಬಹಳ ಹೊತ್ತು ಬಿಟ್ಟರೆ ಆ ಜೀವಗಳು ಸಾಯುತ್ತವೆ ಎಂದು ಸಮತಾ ಮೊದಲೇ ಹೇಳಿದ್ದಳು. ಅವಳು ಮೊಣಕೈ ತನಕ ಕೈ ತೂರಿಸಿ ದೊಡ್ಡ ಹೊಟ್ಟೆಯ ಹಸಿರನ್ನು ತೋಡಿ ತೋಡಿ ಹಾಕಿದಳು. ಹಬ್ಬಕ್ಕೆ ಮಗ ತಂದಿದ್ದ ಹೊಸ ಟವೆಲಿನಲ್ಲಿ ದ್ಯಾಮಕ್ಕ ಹಿಂಡಿ ಸೋಸಿದಳು. ಹುಳಿಯಿಲ್ಲ, ಕೆಟ್ಟ ವಾಸನೆಯಿಲ್ಲ, ಬಣವೆಯ ಒಳಗೆ ಮುಖ ಇಟ್ಟ ಹಾಗೆ ಹುಲ್ಲಿನ ವಾಸನೆ. ಬಿಸಿನೀರಿನ ಬಕೆಟ್ಟಿನೊಳಗೆ ರಸದ ಬಿಂದಿಗೆ ಇಟ್ಟುಕೊಂಡು ಗುರುಬಸವರಾಜ ಹಟ್ಟಿಗೆ ಓಡಿದ. ಅವತ್ತು ಅವನು ಓಡಿದ ಹಾಗೆ ಯಾವ ಬಸ್ಸಿನ ಹಿಂದೆಯೂ ಓಡಿರಲಿಲ್ಲ.

ದ್ಯಾಮಕ್ಕ ಎತ್ತಿದ ಗೊಟ್ಟದಿಂದ ಹಸಿರು ರಸ ನೆಲಕ್ಕೆ ಚೆಲ್ಲಿತು. "ನೀನ ಹಾಕವ್ವ, ನನ್ನ ಕೈ ಕೇಳವಲ್ದು," ಎಂದು ಅವಳು ಸಮತಾಳ ಕೈಗೆ ಗೊಟ್ಟ ಕೊಟ್ಟು ತಾನು ಕುರಿಯ ಬಾಯಿ ಹಿಡಿದಳು. ಸಮತಾ ಹಾಕಿದಳು. ಒಂದಾದ ಮೇಲೊಂದು, ಶ್ವಾಸನಾಳಕ್ಕೆ ಹೋಗದ ಹಾಗೆ, ನಿಧಾನಕ್ಕೆ. ಇಬ್ಬರ ಕೈಯೂ ಒಂದೇ ಹಸಿರಿನಲ್ಲಿ ಮುಳುಗಿತ್ತು. ಕರಿಗಿವಿಯ ಹತ್ತಿರ ಬಂದಾಗ ಅದರ ದವಡೆ ಬಿಗಿದುಹೋಗಿತ್ತು. ಸಮತಾ ತಲೆ ಅಲ್ಲಾಡಿಸಿದಳು. ದ್ಯಾಮಕ್ಕ ಅದರ ಕಿವಿಯನ್ನು ಒಮ್ಮೆ ಸವರಿ ಮುಂದಿನ ಕುರಿಯ ಹತ್ತಿರ ಹೋದಳು.

ಹೊತ್ತು ಮುಳುಗುವಾಗ ಡಾಕ್ಟರ್ ಬಂದರು. ಸೂಜಿ ಹಾಕಿದರು, ಒಂದೊಂದರ ಹೊಟ್ಟೆ ಮುಟ್ಟಿ ನೋಡಿದರು. "ಮಾಡೋದೆಲ್ಲಾ ಮಾಡೀರಿ. ಬೆಳಿಗ್ಗೆ ಮೆಲುಕು ಹಾಕಿದ್ರ ಉಳೀತಾವ, ಹಾಕ್ಲಿಲ್ಲಂದ್ರ ಇಲ್ಲ. ಇನ್ನ ನಮ್ಮ ಕೈಯಾಗ ಏನಿಲ್ಲ," ಎಂದರು. ಮನೆಯವರು ಹಟ್ಟಿಯ ಪೂಜೆಯನ್ನು ಹೇಗೋ ಮಾಡಿ ಮುಗಿಸಿದರು. ಜಂಬಯ್ಯ ಎರಡು ತುತ್ತು ಉಂಡು ಕಂಬಳಿ ಹೊದ್ದು ಮಲಗಿದ. ದ್ಯಾಮಕ್ಕ ಮಲಗಲಿಲ್ಲ. ಹಟ್ಟಿಗೆ ಹೋಗಿ ಕಿವಿಗೊಟ್ಟು ನಿಲ್ಲುವುದು, ಮನೆಗೆ ಬಂದು ಗಂಡನ ಮೂಗಿನ ಹತ್ತಿರ ಬೆರಳು ಹಿಡಿಯುವುದು, ಇಷ್ಟೇ ಅವಳ ಕೆಲಸವಾಯಿತು. ಅವನು ಒಮ್ಮೆ ಕೆಮ್ಮಿದ್ದಕ್ಕೆ ಓಡಿಬಂದು ಹಣೆ ಮುಟ್ಟಿ ನೋಡಿದಳು.

"ಸತ್ತಿಲ್ಲ, ಮಲಗು," ಎಂದ ಅವನು ಕಣ್ಣು ಮುಚ್ಚಿಕೊಂಡೇ.

ಬೆಳಗಾಯಿತು. ಕರಿಯ ದಿನ, ಊರಿನ ಒಲೆಗಳೆಲ್ಲ ಮಸಾಲೆಯ ವಾಸನೆ ಹೊತ್ತಿದ್ದವು. ಗೊರವನ ಮಾಂಸವನ್ನು ಗುರುಬಸವರಾಜ ಊರಿಗೆ ಹಂಚಿದ್ದ, ಮನೆಗೆ ಒಂದು ತುಂಡೂ ತಂದಿರಲಿಲ್ಲ. ಹುಲುಗಣ್ಣ ಹಲ್ಲುಜ್ಜುತ್ತ ಬಂದು, "ದೇವರ ಸೊತ್ತಿಗೆ ಚೂರಿ ಹಾಕೀರಿ, ಜಂಬಯ್ಯನ ಮೈ ಹುಷಾರು ನೋಡ್ಕೊಳವ್ವ" ಎಂದು ಹೇಳಿಹೋದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದಕ್ಕೇ ಅದು ಹೆಚ್ಚು ಚುಚ್ಚಿತು. ಜಂಬಯ್ಯ ಬಚ್ಚಲಲ್ಲಿ ಮುಖ ತೊಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದಿನಿಂದ ಕಿವಿ ತೆಗೆದು ಹಟ್ಟಿಗೆ ಹೋಗಲು ದ್ಯಾಮಕ್ಕ ಹೆದರಿದಳು, ಹೋಗದೆ ಇರಲೂ ಹೆದರಿದಳು.

ಸಮತಾ ಸ್ಕೂಟರ್ ನಿಲ್ಲಿಸಿ ಬಂದು ಅವಳ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಒಳಗೆ ಹೋದರು. ಕರಿಗಿವಿಯ ಜೊತೆ ಇನ್ನೂ ಎರಡು ಕುರಿ ರಾತ್ರಿ ತೀರಿಕೊಂಡಿದ್ದವು. ಉಳಿದವು ಬಿಸಿಲು ಬಿದ್ದ ಗೋಡೆಯ ಬುಡಕ್ಕೆ ಸೇರಿದ್ದವು. ಕೆಲವು ನಿಂತಿದ್ದವು, ಕೆಲವು ಮಲಗಿದ್ದವು. ಮಲಗಿದ್ದ ಒಂದರ ಗಂಟಲಿನಲ್ಲಿ ಏನೋ ಉಂಡೆ ಮೇಲಕ್ಕೆ ಏರಿತು, ದವಡೆ ಎಡಕ್ಕೆ ಆಡಿತು, ಬಲಕ್ಕೆ ಆಡಿತು. ಅದರ ಪಕ್ಕದ್ದೂ ಶುರು ಮಾಡಿತು.

"ದೊಡ್ಡವ್ವ, ಮೆಲುಕು ಹಾಕಾಕತ್ತಾವ ನೋಡ್ರಿ!" ಸಮತಾ ಕೂಗಿಯೇಬಿಟ್ಟಳು.

ದ್ಯಾಮಕ್ಕ ಬಹಳ ಹೊತ್ತು ಆ ದವಡೆಗಳನ್ನು ನೋಡುತ್ತ ನಿಂತಳು. ನಿನ್ನೆಯಿಂದ ತಡೆದದ್ದೆಲ್ಲ ಈಗ ಕಣ್ಣಿಂದ ಇಳಿಯಿತು.

"ಅವಲ್ಲ ಮಗಳ," ಎಂದಳು. "ಗೊರವ ಹಾಕಾಕತ್ಯಾನ."